ಒಂದನೇ ನಂಬರಿನ ತಿಪ್ಪೆ

ಜಿಲಾಂಫಾ ಗ್ರಾಮ, ಫೋನಿ
11 ಮಾರ್ಚ್ 2002

ಒನಕೆ ಪಕ್ಷದ ಚರಿತ್ರೆ ಬರೆಯುತ್ತಿರುವ ಬಿರಾನ್ ಫಾಯ್ ಅವರಿಗೆ,

ದೇವರ ಶಾಂತಿ ನಿಮ್ಮ ಮನೆಯ ಮೇಲೆ ಇರಲಿ, ನಿಮ್ಮ ಅನ್ನದ ಪಾತ್ರೆಯ ಮೇಲೂ ಇರಲಿ. ಇಲ್ಲಿ ನಾವು ನೆಮ್ಮದಿ. ನೆಮ್ಮದಿ ಮಾತ್ರ.

ಕಳೆದ ಗುರುವಾರ ಮಧ್ಯಾಹ್ನ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತ ಕೂತಿದ್ದಾಗ ರೇಡಿಯೋದಲ್ಲಿ ನಿಮ್ಮ ದನಿ ಬಂತು. ಪಕ್ಷಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದೆ, ಸರಕಾರ ಬಾಗಿಲಿಗೆ ಹಾಕಿಸಿದ್ದ ಬೀಗ ತೆಗೆದ ಮೇಲೆ ಇದೇ ಮೊದಲ ಸಮಾರಂಭ, ಅದಕ್ಕೊಂದು ಪುಸ್ತಕ ಬರುತ್ತಿದೆ ಎಂದಿರಿ. ಕೇಳಿ ಹಿಗ್ಗಿದೆ. ಆಮೇಲೆ ನೀವು ಹೇಳಿದ್ದು ಹೀಗೆ: "1977ರ ಮೊದಲ ಸದಸ್ಯರ ಪಟ್ಟಿಯಲ್ಲಿ ಒಂದನೇ ನಂಬರಿನ ಎದುರಿಗೆ ಯಾರೋ ವಿರೋಧಿಗಳು ‘ಸುಂತುಕುಂಗ್’, ಅಂದರೆ ತಿಪ್ಪೆ, ಎಂದು ಬರೆದು ನಮ್ಮನ್ನು ಹೀಯಾಳಿಸಿದ್ದರು. ಆ ಕೊಳಕನ್ನು ನಾವು ತೆಗೆದುಹಾಕಿದ್ದೇವೆ."

ಆ ಕೊಳಕು ನಾನು.

ಸುಂತುಕುಂಗ್ ಕುಜಾಬಿ ನನ್ನ ಹೆಸರು. ವಯಸ್ಸು ಐವತ್ತು. ಈ ಊರಿನ ಶಾಲೆಯಲ್ಲಿ ಆರನೇ ತರಗತಿವರೆಗೆ ಓದಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ಐದು ಹೊತ್ತಿನ ನಮಾಜು ಬಿಟ್ಟವಳಲ್ಲ. ನಾಲ್ಕು ಮಕ್ಕಳ ತಾಯಿ. ನಿಮ್ಮ ಮಾತು ಮುಗಿಯುವ ಮೊದಲೇ ನನ್ನ ಸವತಿ ಹವಾ ಕಾಯಿಯ ಬುಟ್ಟಿಯ ಮೇಲೆ ಬಿದ್ದು ನಗತೊಡಗಿದಳು. "ಅಕ್ಕಾ, ರೇಡಿಯೋದಾಗೇ ನಿನ್ನ ಗುಡಿಸಿ ಹಾಕ್ಬುಟ್ರಲ್ಲ!" "ಬಾಯ್ ಮುಚ್ಕೊಂಡು ಸುಲಿ" ಎಂದೆ. ಆದರೆ ನನಗೂ ಸುಲಿಯಲು ಕೈ ಬರಲಿಲ್ಲ.

ನಿಮ್ಮ ಮನೆತನದ ಹೆಸರು ಫಾಯ್. ಅಂದರೆ ಸೆರೇರರು. ನಾವು ಜೋಲಾ. ಈ ಎರಡು ಕುಲದವರು ಒಬ್ಬರನ್ನೊಬ್ಬರು ಆಳು ಎಂದು ಕಿಚಾಯಿಸುವ ಹಳೆಯ ತಮಾಷೆ ನಿಮಗೂ ಗೊತ್ತು. ಸೆರೇರರು ನಮ್ಮ ಆಳುಗಳೆಂದು ನಮಗೆ ಎದೆಹಾಲಿನ ಜೊತೆಯಲ್ಲೇ ಕಲಿಸಿದ್ದಾರೆ. ಆಳು ಯಜಮಾನಿಯನ್ನೇ ಪಟ್ಟಿಯಿಂದ ಕೀಳುವುದು ಎಲ್ಲಿಯ ನ್ಯಾಯ? ಕೂಡಲೇ ಉತ್ತರ ಬರೆಯಿರಿ. ಸಿಬನೋರ್ ದಾರಿಯ ವ್ಯಾನಿನ ಡ್ರೈವರ್ ಕೈಗೆ ಕೊಟ್ಟರೆ ಸಾಕು, ತಲುಪುತ್ತದೆ.

ನಿಮ್ಮ ಯಜಮಾನಿ,
ಸುಂತುಕುಂಗ್ ಕುಜಾಬಿ


ಸೆರೆಕುಂಡಾ
2 ಏಪ್ರಿಲ್ 2002

ಅಮ್ಮಾ ಸುಂತುಕುಂಗ್ ಅವರಿಗೆ,

ಗೌರವದ ವಂದನೆಗಳು. ಮೊದಲು ಒಂದು ಮಾತು ಸ್ಪಷ್ಟವಾಗಲಿ. ಆಳುಗಳು ಜೋಲಾಗಳೇ. ನಮ್ಮ ಅಜ್ಜಿ ಹೇಳಿದ್ದು, ನಮ್ಮ ಅಜ್ಜಿ ಸುಳ್ಳು ಹೇಳುವವಳಲ್ಲ. ಹಾಗಾಗಿ ಯಜಮಾನನೇ ಆಳಿಗೆ ಪತ್ರ ಬರೆಯುವ ಕಾಲ ಬಂತಲ್ಲ ಎಂದು ನೊಂದುಕೊಂಡೇ ಬರೆಯುತ್ತಿದ್ದೇನೆ.

ಈಗ ಕೆಲಸದ ಮಾತು. ನಾನು ಶಾಲೆಯ ಮೇಷ್ಟ್ರು. ಸಂಜೆ ಹೊತ್ತು ಪಕ್ಷದ ಕಚೇರಿಯಲ್ಲಿ ಕೂತು ಚರಿತ್ರೆ ಬರೆಯುತ್ತೇನೆ. ನನ್ನ ಹತ್ತಿರ ಇರುವುದು 1979ರಲ್ಲಿ ಟೈಪು ಮಾಡಿದ ಪ್ರತಿ ಮಾತ್ರ. ಮೂಲ ರಿಜಿಸ್ಟರು ಪಕ್ಷಗಳನ್ನು ಮುಚ್ಚಿಸಿದ ವರ್ಷ ಎಲ್ಲಿಗೆ ಹೋಯಿತೋ ತಿಳಿಯದು. ನಿಮ್ಮ ಪತ್ರವನ್ನು ಕಮಿಟಿಯ ಮುಂದೆ ಓದಿದೆ. ನಮ್ಮ ಸ್ಥಾಪಕರಾದ ಕಾಂಪೌಂಡರ್ ಅಂಸುಮಾನಾ ಸಾಂಬು ಅವರಂಥ ಶಿಸ್ತಿನ ಮನುಷ್ಯ ಪಕ್ಷದ ಮೊದಲ ಸಾಲಿನಲ್ಲಿ ಇಂಥ ಹೆಸರು ಬರೆದಿರಲು ಸಾಧ್ಯವೇ ಇಲ್ಲ ಎಂದರು ಅಧ್ಯಕ್ಷರು. ನನಗೆ ಹಾಗೆ ಅನ್ನಿಸುತ್ತಿಲ್ಲ.

ಬಹಳ ದಿನದಿಂದ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಆ ವರ್ಷವೇ ಪಟ್ಟಿಯ ಒಂದು ನಕಲು ನಿಮ್ಮ ಸೀಮೆಯಲ್ಲಿ ಸರಕಾರದ ಪರ ಅಧಿಕಾರ ನಡೆಸುತ್ತಿದ್ದ ದೊಡ್ಡ ಮುಖಂಡನ ಕೈಗೆ ಸಿಕ್ಕಿತ್ತಂತೆ. ಆದರೂ ಪಟ್ಟಿಯಲ್ಲಿದ್ದ ನಲವತ್ತೊಂದು ಜನರಲ್ಲಿ ಒಬ್ಬರ ಹೊಲಕ್ಕೂ ಮನೆಗೂ ತೊಂದರೆಯಾಗಲಿಲ್ಲ. ಯಾಕೆಂದು ಹೇಳುವವರಿಲ್ಲ. ಸದ್ಯಕ್ಕೆ ಪುಸ್ತಕದಲ್ಲಿ ‘ದೇವರ ದಯೆ’ ಎಂದು ಬರೆದಿಟ್ಟಿದ್ದೇನೆ. ನಿಮಗೇನಾದರೂ ಗೊತ್ತೆ?

ನಿಮ್ಮ ನಿಜವಾದ ಯಜಮಾನ,
ಬಿರಾನ್ ಫಾಯ್


ಜಿಲಾಂಫಾ
19 ಏಪ್ರಿಲ್ 2002

ಮಾತು ಕಲಿತ ಆಳಿಗೆ,

ಶಾಂತಿ ಇರಲಿ. ಕೇಳಿದ್ದಕ್ಕೆ ಹೇಳುತ್ತೇನೆ. ಶಾಲೆ ಮುಗಿದ ಮೇಲೆ ಓದಿ, ಮಧ್ಯೆ ಎದ್ದು ಹೋಗಬೇಡಿ.

ನನ್ನ ತಾಯಿ ನ್ಯಾಮಾ ನನಗಿಂತ ಮೊದಲು ಆರು ಮಕ್ಕಳನ್ನು ಮಣ್ಣು ಮಾಡಿದವಳು. ಏಳನೆಯವಳಾಗಿ ನಾನು ಹೊಟ್ಟೆಗೆ ಬಂದಾಗ ಕನ್ಯಲೆಂಗ್ ಹೆಂಗಸರ ಕೂಟಕ್ಕೆ ಸೇರಿದಳು. ಮಕ್ಕಳು ಉಳಿಯದ ಹೆಂಗಸರ ಕೂಟ ಅದು, ನಿಮ್ಮ ಪಟ್ಟಣದಲ್ಲಿ ಮದುವೆಗೆ ಕುಣಿಯುವುದಕ್ಕಷ್ಟೇ ಅವರನ್ನು ಕರೆಯುತ್ತೀರಿ ಎಂದು ಕೇಳಿದ್ದೇನೆ. ಗೋಣಿಚೀಲ ಉಟ್ಟು, ಒಡೆದ ಸೋರೆಬುರುಡೆಯನ್ನು ತಲೆಗೆ ಹಾಕಿಕೊಂಡು, ನಗಿಸುತ್ತ ಕುಣಿಯುತ್ತ ಊರೂರು ತಿರುಗಿದಳು. ಸಾವಿಗೂ ನಗು ಬಂದರೆ ಅದು ಬಂದ ಕೆಲಸ ಮರೆಯುತ್ತದೆ ಎಂದು. ನಾನು ಹುಟ್ಟಿದ ದಿನ ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ ಬಂದಳು. ಕೂಟದ ಹೆಂಗಸರು ಪೊರಕೆ ಹಿಡಿದು ಹೋಗಿ, "ಅಯ್ಯೋ, ಯಾರೋ ಇಲ್ಲೇನೋ ಎಸೆದವ್ರೆ, ನಮಗಿರ್ಲಿ" ಎಂದು ಎತ್ತಿ ತಂದರು. ಅಲ್ಲಿಂದ ನಾನು ಸುಂತುಕುಂಗ್. ಯಾರಿಗೂ ಬೇಡದ್ದನ್ನು ಸಾವಾದರೂ ಯಾಕೆ ಒಯ್ಯುತ್ತದೆ?

ಇನ್ನು 1977. ಕಾಂಪೌಂಡರ್ ಅಂಸುಮಾನಾ ಔಷಧಿ ಅಂಗಡಿಯ ಜಗಲಿಯಲ್ಲಿ ರಿಜಿಸ್ಟರು ಬಿಚ್ಚಿಕೊಂಡು ಕೂತರು. ಊರಿನವರೆಲ್ಲ ಬಂದಿದ್ದರು, ಹೆಸರು ಕೊಡುವವರು ಮಾತ್ರ ಇರಲಿಲ್ಲ. ಎರಡನೆಯವನಾಗಲು ಎಲ್ಲರೂ ತಯಾರು. ಮೊದಲನೆಯವನಾದರೆ ಮುಖಂಡನ ಕಣ್ಣು ಮೊದಲು ಬೀಳುವುದು ಅವನ ಹೊಲದ ಮೇಲೆ.

"ಸೊಲೊ, ನೀನು ದೊಡ್ಡೋನು, ನೀನ್ ಬರ್ಸು."

"ನಂಗೆ ಸೊಂಟ ನೋವು."

"ಹೆಸರು ಬರ್ಸೋಕೆ ಸೊಂಟ ಯಾಕಯ್ಯಾ?"

"ಓಡೋಕೆ ಬೇಕಲ್ಲಪ್ಪ!"

ಜಗಲಿಯೆಲ್ಲ ನಗು. ನಗುವಿನ ಒಳಗೆ ಹೆದರಿಕೆ. ಆಗ ನನ್ನ ತಾಯಿ ಜನವನ್ನು ಸೀಳಿಕೊಂಡು ಬಂದಳು. ನನ್ನನ್ನು ರಟ್ಟೆ ಹಿಡಿದು ಮುಂದಕ್ಕೆ ತಳ್ಳಿ ಅಂದಳು: "ಇವಳ ಹೆಸರು ಮೇಲಕ್ಕೆ ಹಾಕು ಕಾಂಪೌಂಡ್ರೇ. ಸಾವೇ ಈ ಹೆಸರು ಕೇಳಿ ಮೂಗು ಮುಚ್ಕೊಂಡು ಹೋಗೈತೆ. ನಿಮ್ ಮುಖಂಡ ಯಾವ ಮರದ ತೊಪ್ಪಲು?"

ಕಾಂಪೌಂಡರು ಪೆನ್ನು ಎತ್ತಿದವರು ಹಾಗೇ ತಡೆದರು. ನನ್ನ ತಾಯಿ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರು ನನ್ನ ಮುಖ ನೋಡಿದರು, ಬರೆದರು. ಆಮೇಲೆ ಪಕ್ಕದಲ್ಲಿ ಸಣ್ಣಗೆ ಇನ್ನೂ ಏನನ್ನೋ ಬಲದಿಂದ ಎಡಕ್ಕೆ ಬರೆದರು. ನನ್ನ ಹಿಂದೆ ನಲವತ್ತು ಜನ ಸಾಲು ನಿಂತರು. ಸೊಂಟ ನೋವಿನ ಸೊಲೊ ಎರಡನೆಯವನು.

ನಿಮ್ಮ ‘ದೇವರ ದಯೆ’ ನಡೆದದ್ದು ಹೀಗೆ. ಮುಖಂಡನ ಬಳಿ ಪಟ್ಟಿ ಹೋದಾಗ ಅದನ್ನು ಓದಿದವನು ಕರಾವಳಿಯಿಂದ ಬಂದ ಗುಮಾಸ್ತ. ನಮ್ಮ ಮಾತು ಬಾರದವನು. ದುಭಾಷಿಯಾಗಿದ್ದವನು ನಮ್ಮ ಪಕ್ಕದ ಊರಿನವನು, ನನ್ನನ್ನು ಎತ್ತಿ ಆಡಿಸಿದವನು. "ಯಾರಿದು ಸುಂತುಕುಂಗ್?" ಎಂದು ಗುಮಾಸ್ತ ಕೇಳಿದ. "ತಿಪ್ಪೆ, ಸಾಹೇಬ್ರೆ" ಎಂದ ಇವನು. ಅಷ್ಟೇ. ಸುಳ್ಳು ಹೇಳಲಿಲ್ಲ, ನಿಜವನ್ನು ಪೂರ್ತಿ ಮಾಡಲೂ ಇಲ್ಲ. "ಹೆಂಡ ಕುಡಿದು ತಮಾಷೆಗೆ ಬರೆದ ಪಟ್ಟಿ" ಎಂದು ಗುಮಾಸ್ತ ಅದನ್ನು ಹರಿದು ಹಾಕಿದ. ದೇವರ ದಯೆಯೇ ಸರಿ, ಬಿರಾನ್. ಆದರೆ ದಯೆ ಮಾಡಲು ಆತನಿಗೂ ಒಂದು ತಿಪ್ಪೆ ಬೇಕಾಯಿತು ಎಂದು ಬರೆದುಕೊಳ್ಳಿ.

ಈಗ ನನ್ನದೊಂದು ಪ್ರಶ್ನೆ. ಇದನ್ನು ಯಾರಿಗೂ ಬರೆದಿಲ್ಲ. ನಮ್ಮಂಥ ಮಕ್ಕಳಿಗೆ ಕೂಗುವ ಹೆಸರು ಒಂದಾದರೆ, ಎಂಟನೆಯ ದಿನ ಇಮಾಮರು ಕಿವಿಯಲ್ಲಿ ಉಸುರಿದ ನಿಜವಾದ ಹೆಸರು ಇನ್ನೊಂದು ಇರುತ್ತದೆ ಎನ್ನುತ್ತಾರೆ. ಮದುವೆಯ ದಿನ ತಾಯಿ ಅದನ್ನು ಹೇಳುತ್ತಾಳೆ. ನನ್ನ ತಾಯಿ ಹೇಳಲಿಲ್ಲ. "ಮೊದಲ ಮಗು ನಡೀಲಿ, ಹೇಳ್ತೀನಿ" ಅಂದಳು. ಅದು ನಡೆಯಿತು. "ನಾಲ್ಕನೇದು ಹಲ್ಲು ಬಿಡ್ಲಿ" ಅಂದಳು. ಅದು ಹಲ್ಲು ಬಿಡುವ ಮೊದಲೇ ತೀರಿಕೊಂಡಳು. ಆ ಇಮಾಮರೂ ಈಗಿಲ್ಲ.

ಕಿಯಾಮತ್ತಿನ ದಿನ, ಕೊನೆಯ ತೀರ್ಪಿನ ದಿನ, ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. "ಅಲ್ಲಿ ಹೆಸರು ತಪ್ಪುವುದಿಲ್ಲ, ಹೆದರಬೇಡ" ಎನ್ನುತ್ತಾರೆ ಈಗಿನ ಇಮಾಮರು. ಅಲ್ಲಿ ತಪ್ಪುವುದಿಲ್ಲ, ನಿಜ. ನಾನು ತಪ್ಪಿದರೆ? ನಾನು ಎಂದೂ ಕೇಳದ ಹೆಸರಿನಿಂದ ಕರೆದರೆ, ಯಾರನ್ನೋ ಕರೆಯುತ್ತಿದ್ದಾರೆಂದು ಕೂತೇ ಇರುತ್ತೇನಲ್ಲ. ಇಷ್ಟು ವರ್ಷ ನಮಾಜು ಮಾಡಿ ಕೊನೆಗೆ ಕರೆದಾಗ ಏಳದವಳಾದರೆ?

ಕಾಂಪೌಂಡರು ಪಕ್ಕದಲ್ಲಿ ಬರೆದದ್ದು ಅದೇ ಹೆಸರು ಎಂದು ನನ್ನ ಗುಮಾನಿ. ಮೂಲ ರಿಜಿಸ್ಟರು ಹುಡುಕಿ ಕೊಡಿ.

ಸುಂತುಕುಂಗ್
(ಸದ್ಯಕ್ಕೆ ಇದೇ ಹೆಸರು)


ಸೆರೆಕುಂಡಾ
30 ಜೂನ್ 2002

ಅಮ್ಮಾ,

ತಡವಾಯಿತು, ಕ್ಷಮಿಸಿ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆ ದುಭಾಷಿಯ ಮಗ ನಮ್ಮ ಶಾಲೆಯ ಹಿಂದಿನ ಬೀದಿಯಲ್ಲೇ ಇದ್ದಾನೆ! ಹೋಗಿ ಕೇಳಿದೆ. ಅಪ್ಪ ಸಾಯುವವರೆಗೂ ಈ ಕತೆ ಹೇಳಿ ನಗುತ್ತಿದ್ದರಂತೆ. ಪುಸ್ತಕದಿಂದ ‘ದೇವರ ದಯೆ’ಯ ಪುಟ ಕಿತ್ತು ಹೊಸದಾಗಿ ಬರೆದೆ.

ಕಾಂಪೌಂಡರ ಹೆಂಡತಿ ಬದುಕಿದ್ದಾರೆ. ಬಾಸೆ ಕಡೆ, ನದಿಯ ಮೇಲ್ಭಾಗದಲ್ಲಿ, ಮಗಳ ಮನೆಯಲ್ಲಿದ್ದಾರೆ. ಈಗ ಮಳೆ ಹಿಡಿದಿದೆ, ರಸ್ತೆ ಕೊಚ್ಚಿಹೋಗಿದೆ. ಮಳೆ ನಿಂತ ಕೂಡಲೇ ಹೋಗುತ್ತೇನೆ.

ಇನ್ನೊಂದು ಸುದ್ದಿ ಇದೆ, ಬರೆಯಲು ನಾಚಿಕೆ. ನೀವಿರುವುದು ನಿಜವೆಂದು ಕಮಿಟಿ ಒಪ್ಪಿತು. ಹೆಸರು ಒಪ್ಪಲಿಲ್ಲ. "ಸಮಾರಂಭಕ್ಕೆ ಹೊರದೇಶದವರು ಬರ್ತಾರೆ ಕಣಯ್ಯ. ತಿಪ್ಪೆಯಿಂದ ಹುಟ್ಟಿದ ಪಕ್ಷ ಅಂತ ಅವರ ಮುಂದೆ ಓದ್ಲಾ?" ಎಂದರು ಅಧ್ಯಕ್ಷರು. ಒಂದನೇ ನಂಬರಿಗೆ ‘ಶ್ರೀಮತಿ ಎಸ್. ಕುಜಾಬಿ’ ಎಂದು ಹಾಕಬಹುದಂತೆ. ನಿಮ್ಮ ಅಭಿಪ್ರಾಯ ತಿಳಿಸಿ.

ಬಿರಾನ್


ಜಿಲಾಂಫಾ
9 ಜುಲೈ 2002

ಬಿರಾನ್‌ಗೆ,

ಶಾಂತಿ. ಗದ್ದೆಯಲ್ಲಿ ನಾಟಿ, ಬೆರಳುಗಳೆಲ್ಲ ನೆನೆದು ಸುಕ್ಕಾಗಿವೆ, ಅದಕ್ಕೇ ಅಕ್ಷರ ಹೀಗೆ.

ಎಸ್. ಅಂದರೇನು? ಸಾಬೂನೋ, ಸಕ್ಕರೆಯೋ? ನಿಮ್ಮ ಅಧ್ಯಕ್ಷರಿಗೆ ಕೇಳಿ. ಆ ದಿನ ಜಗಲಿಯಲ್ಲಿ ‘ಶ್ರೀಮತಿ ಎಸ್.’ ಎಂದು ಬರೆದಿದ್ದರೆ ಆ ಗುಮಾಸ್ತ ನೆಟ್ಟಗೆ ನಮ್ಮ ಬಾಗಿಲಿಗೆ ಬರುತ್ತಿದ್ದ. ನಲವತ್ತು ಜನ ನನ್ನ ಹಿಂದೆ ನಿಲ್ಲಲಿಲ್ಲ, ಆ ಹೆಸರಿನ ಹಿಂದೆ ನಿಂತರು. ನನ್ನನ್ನು ಬೇಕಾದರೆ ಬಿಡಿ, ಹೆಸರನ್ನು ತೊಳೆಯಬೇಡಿ.

ಪಕ್ಷಕ್ಕಾಗಿ ನಾನೇನೂ ದೊಡ್ಡದು ಮಾಡಿದವಳಲ್ಲ. ಪ್ರತಿ ಚುನಾವಣೆಗೂ ನಮ್ಮಲ್ಲಿ ಮತಕ್ಕೆಂದು ಕೊಡುವ ಗಾಜಿನ ಗೋಲಿ ಹಿಡಿದು ಹೋಗಿ ಒನಕೆಯ ಚಿತ್ರವಿದ್ದ ಹಳದಿ ಪೀಪಾಯಿಯೊಳಗೆ ಹಾಕಿ, ಒಳಗೆ ಗಂಟೆ ಠಣ್ ಎಂದಿದ್ದನ್ನು ಕೇಳಿಸಿಕೊಂಡು ಬಂದಿದ್ದೇನೆ. ಒಂದು ಸಲವೂ ಗೆಲ್ಲಲಿಲ್ಲ. ಅದಕ್ಕೆ ಬೇಜಾರಿಲ್ಲ. ಇದಕ್ಕೆ ಬೇಜಾರು.

ಬಾಸೆಗೆ ಹೋಗುವುದನ್ನು ಮಾತ್ರ ಮರೆಯಬೇಡಿ. ಪುಸ್ತಕ ನಿಮ್ಮದು. ಆ ಪಕ್ಕದ ಬರಹ ನನ್ನದು.

ಸುಂತುಕುಂಗ್ ಕುಜಾಬಿ, ಪೂರ್ತಿಯಾಗಿ


ಸೆರೆಕುಂಡಾ
14 ಅಕ್ಟೋಬರ್ 2002

ಅಮ್ಮಾ,

ಸಿಕ್ಕಿತು.

ಎರಡು ದಿನದ ದಾರಿ. ಕಾಂಪೌಂಡರ ಹೆಂಡತಿಗೆ ಈಗ ಕಣ್ಣು ಕಾಣುವುದಿಲ್ಲ. ನಾನು ಬಂದ ಕಾರಣ ಹೇಳಿದ ಕೂಡಲೇ, "ಏಳು ವರ್ಷ ಅದರ ಮೇಲೇ ಮಲಗಿದೀನಪ್ಪ, ತಗೋ" ಎಂದು ಹಾಸಿಗೆಯ ಅಡಿಯಿಂದ ತೆಗೆಸಿದರು. ಅಂಚುಗಳನ್ನು ಗೆದ್ದಲು ತಿಂದಿದೆ, ಮೊದಲ ಪುಟ ಮಾತ್ರ ಹಾಗೇ ಇದೆ. ಒಂದನೇ ನಂಬರು: ಸುಂತುಕುಂಗ್ ಕುಜಾಬಿ. ದುಂಡಗಿನ ಅಕ್ಷರ. ಪಕ್ಕದಲ್ಲಿ ನೀವು ಹೇಳಿದಂತೆಯೇ ಸಣ್ಣ ಬರಹ, ಅರಬ್ಬಿ ಲಿಪಿಯಲ್ಲಿ. ಟೈಪು ಮಾಡಿದವರು ಅದನ್ನು ಓದಲಾರದೆ ಬಿಟ್ಟಿದ್ದಾರೆ. ನನಗೂ ಬರಲಿಲ್ಲ. ಲಿಪಿ ಅರಬ್ಬಿ, ಮಾತು ಮಂಡಿಂಕಾ. ಬಾಸೆಯ ಮದರಸದ ಗುರುಗಳಿಂದ ಓದಿಸಿದೆ. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಇಲ್ಲಿ ಇಳಿಸುತ್ತೇನೆ. ಕೂತುಕೊಂಡು ಓದಿ.

"ಇದು ಅಡ್ಡಹೆಸರು, ನಿಜವಾದದ್ದು ಕೊಡು ಎಂದು ಕೇಳುವವನಿದ್ದೆ. ಅಷ್ಟರಲ್ಲಿ ತಾಯಿ ನ್ಯಾಮಾ ಕಿವಿಯಲ್ಲಿ ಹೇಳಿದಳು: ಬೇರೆ ಹೆಸರಿಲ್ಲ. ಎಂಟನೆಯ ದಿನ ಇಮಾಮರು ಒಳ್ಳೆಯ ಹೆಸರು ಕೇಳಿದರು. ಸುಂತುಕುಂಗ್ ಎಂದೇ ಉಸುರಿ ಎಂದಳಂತೆ. ಪ್ರಾರ್ಥನೆಯ ಕರೆ ಹೇಳಿದ ಬಾಯಲ್ಲಿ ತಿಪ್ಪೆಯೆನ್ನಲಾರೆ ಎಂದರು ಅವರು. ಹಾಗಾದರೆ ವಾಪಸ್ಸು ತಿಪ್ಪೆಗೇ ಇಟ್ಟು ಬರುತ್ತೇನೆ ಎಂದು ಮಗುವನ್ನು ಎತ್ತಿಕೊಂಡಳಂತೆ. ಇಮಾಮರು ಅತ್ತು, ಅದನ್ನೇ ಉಸುರಿದರು. ಸಂಜೆ ಸೇರಿಸಿದ್ದು: ಇಮಾಮರನ್ನು ಕೇಳಿದೆ. ನಿಜವೆಂದರು. ಆದ್ದರಿಂದ ಈ ಹೆಸರು ಪೂರ್ಣ, ಈ ಸದಸ್ಯೆ ಮೊದಲನೆಯವಳು. ಅ. ಸಾಂಬು."

ಇಷ್ಟೇ ಇದೆ ಅಮ್ಮಾ. ನಿಮಗೆ ಏನನ್ನಿಸುತ್ತದೋ ಎಂದು ಈ ಪತ್ರವನ್ನು ನಾಲ್ಕು ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ರಿಜಿಸ್ಟರನ್ನು ಕಮಿಟಿಗೂ ತೋರಿಸಿದೆ. ಒಂದು ಇಡೀ ಸಂಜೆ ಚರ್ಚೆ ಮಾಡಿದರು. ಕೊನೆಗೆ ಒಂದನೇ ನಂಬರಿನ ಮುಂದೆ ಖಾಲಿ ಬಿಟ್ಟು, ಅಡಿಯಲ್ಲಿ ‘ಹೆಸರು ಅಳಿಸಿಹೋಗಿದೆ’ ಎಂದು ಅಚ್ಚು ಹಾಕಿಸುವುದೆಂದು ತೀರ್ಮಾನವಾಯಿತು. ನಾನು ವಿರೋಧಿಸಿದೆ. ಆರು ಮತಕ್ಕೆ ನನ್ನದೊಂದು.

ಬಿರಾನ್


ಜಿಲಾಂಫಾ
3 ನವೆಂಬರ್ 2002

ಮಗನೇ ಬಿರಾನ್,

ನಿನಗೆ ದೇವರ ಶಾಂತಿ. ಇನ್ನು ‘ನೀವು’ ಎನ್ನಲು ನನ್ನಿಂದಾಗದು. ನನಗಾಗಿ ನೀನು ಬಾಸೆಯವರೆಗೆ ಹೋಗಿ ಬಂದೆ. ಆ ಕುರುಡಿ ತಾಯಿಗೂ ನನ್ನ ದುವಾ.

ಓದಿದ ದಿನ ಅತ್ತೆ. ಸುಳ್ಳು ಯಾಕೆ ಹೇಳಲಿ? ಮೂವತ್ತು ವರ್ಷದಿಂದ ಮನಸ್ಸಿನೊಳಗೆ ನಾನೇ ಒಂದು ಚಂದದ ಹೆಸರು ಕಟ್ಟಿಕೊಂಡಿದ್ದೆ, ಇದೇ ಇರಬಹುದು ಎಂದು. ಯಾವುದೆಂದು ನಿನಗೂ ಹೇಳುವುದಿಲ್ಲ. ಆ ಹೆಸರಿನವಳನ್ನು ಅವತ್ತು ಮಣ್ಣು ಮಾಡಿದ ಹಾಗಾಯಿತು. ನನ್ನ ತಾಯಿ ಇಲ್ಲದ ಹೆಸರನ್ನು ಯಾಕೆ ಅಷ್ಟು ವರ್ಷ ಬಚ್ಚಿಟ್ಟಳು? "ಆಮೇಲೆ ಹೇಳ್ತೀನಿ, ಆಮೇಲೆ ಹೇಳ್ತೀನಿ" ಎಂದು ಯಾಕೆ ಅಂದಳು? ಕಳೆ ಕೀಳುವಾಗಲೂ ಇದೇ, ನೀರು ಸೇದುವಾಗಲೂ ಇದೇ ಯೋಚನೆ. ಕಡೆಗೆ ಹವಾಳಿಗೆ ಹೇಳಿದೆ. ಅವಳು ಮೀನು ಉಜ್ಜುತ್ತ ತಲೆ ಎತ್ತದೆ ಅಂದಳು: "ಕೊಡೋಕೆ ಏನೂ ಇಲ್ದೇ ಇರೋ ತಾಯಿ, ಪೆಟ್ಟಿಗೇಲಿ ಐತೆ ಅಂತಾಳೆ. ನನ್ ತಾಯೀನೂ ಓಲೆ ಐತೆ ಅಂತಿದ್ಲು." ಈ ಸವತಿ ಇಪ್ಪತ್ತು ವರ್ಷದಲ್ಲಿ ಆಡಿದ ಒಳ್ಳೆಯ ಮಾತು ಅದೊಂದೇ.

ಎರಡನೆಯ ದಿನ ನಸುಕಿನ ಫಜರ್ ನಮಾಜಿಗೆ ಕೂತಾಗ ಮನಸ್ಸು ಹಗುರ ಇತ್ತು. ನೋಡು, ಅಲ್ಲಿ ಖದೀಜಾ ಎಂದು ಕರೆದರೆ ಎಷ್ಟು ಲಕ್ಷ ಹೆಂಗಸರು ಏಳುತ್ತಾರೆ, ಯಾವ ಖದೀಜಾ ಎಂದು ಅವರವರಲ್ಲೇ ತಳ್ಳಾಟ. ಸುಂತುಕುಂಗ್ ಎಂದರೆ ನಾನು ಒಂದೇ ಕರೆಗೆ ಎದ್ದು ಸೆರಗು ಕೊಡವಿಕೊಂಡು ಹೊರಡುತ್ತೇನೆ. ಅಷ್ಟು ಸಾಕು ನನಗೆ.

ನಿನ್ನ ಕಮಿಟಿಗೆ ಒಂದು ಮಾತು. ಗೆದ್ದಲಿಗೂ ಮರ್ಯಾದೆ ಇತ್ತು, ಮೊದಲ ಪುಟ ಮುಟ್ಟಲಿಲ್ಲ.

ನಿನ್ನ ತಾಯಿ (ಯಜಮಾನಿಯೂ ಹೌದು),
ಸುಂತುಕುಂಗ್


ಸೆರೆಕುಂಡಾ
20 ಡಿಸೆಂಬರ್ 2002

ಅಮ್ಮಾ,

ಪುಸ್ತಕದ ಒಂದು ಪ್ರತಿ ಈ ಪತ್ರದ ಜೊತೆ ಇದೆ. ಪುಟ ಒಂಬತ್ತು ತೆಗೆಯಿರಿ.

ಅಚ್ಚಿನ ಮನೆಯಿಂದ ಮುನ್ನೂರು ಪ್ರತಿ ಬಂದಾಗ ಬಿಡಿಸಿ ಇಡುವ ಕೆಲಸ ನನಗೇ ಕೊಟ್ಟರು. ಮೂರು ಸಂಜೆ ಹಿಡಿಯಿತು. ಖಾಲಿ ಬಿಟ್ಟ ಜಾಗದಲ್ಲಿ ಮುನ್ನೂರು ಸಲ ನಿಮ್ಮ ಹೆಸರು ಬರೆದೆ, ಕಪ್ಪು ಮಸಿಯಲ್ಲಿ, ಪೂರ್ತಿಯಾಗಿ. ‘ಹೆಸರು ಅಳಿಸಿಹೋಗಿದೆ’ ಎಂಬ ಸಾಲನ್ನು ಹೊಡೆದುಹಾಕಿದೆ. ಸಮಾರಂಭದಲ್ಲಿ ಹೊರದೇಶದ ಒಬ್ಬ ಹೆಂಗಸು ಪುಟ ತಿರುವಿ, ಇದೊಂದೇ ಯಾಕೆ ಕೈಬರಹ, ಯಾರಿವರು ಎಂದು ಅಧ್ಯಕ್ಷರನ್ನೇ ಕೇಳಿದಳು. ಅವರು ನನ್ನತ್ತ ಕೈ ತೋರಿಸಿದರು. ನಾನು ಕತೆ ಹೇಳಿದೆ. ಆಕೆ ಊಟ ಬಿಟ್ಟು ಕೇಳಿದಳು.

ಮರುದಿನ ಕಮಿಟಿ ನನ್ನನ್ನು ಕರೆಸಿ ಕಾರಣ ಕೇಳಿತು. ಮುಂದಿನ ಸಭೆಯಲ್ಲಿ ನಿರ್ಧಾರವಂತೆ.

ನಿಮ್ಮ ಬಿರಾನ್


ಜಿಲಾಂಫಾ
12 ಜನವರಿ 2003

ಬಿರಾನ್,

ಶಾಂತಿ, ಶಾಂತಿ ಮಾತ್ರ. ಪುಸ್ತಕ ತಲುಪಿತು. ಪುಟ ಒಂಬತ್ತು ನೋಡಿದೆ. ನಿನ್ನ ‘ಕುಂಗ್’ ಸ್ವಲ್ಪ ಸೊಟ್ಟ. ಮುನ್ನೂರು ಸಲ ಬರೆದ ಕೈಗೆ ಅಷ್ಟು ಮಾಫಿ. ಸೊಲೊ ಇನ್ನೂ ಬದುಕಿದ್ದಾನೆ, ಓದಿಸಿಕೊಂಡು, "ನಾನು ಎರಡನೆಯೋನು ಅಂತ ಅಚ್ಚಾಗೈತಲ್ಲ!" ಎಂದು ಊರೆಲ್ಲ ಕೋಲೂರಿಕೊಂಡು ತಿರುಗಿದ.

ಈ ಪತ್ರ ಬೇರೆ ಕಾರಣಕ್ಕೆ. ನಮ್ಮ ಕೇರಿಯ ಸಾಫಿ ಎಂಬ ಹುಡುಗಿ ಮೂರು ಮಕ್ಕಳನ್ನು ಕಳೆದುಕೊಂಡಿದ್ದಾಳೆ. ಈಗ ನಾಲ್ಕನೆಯದು ಹುಟ್ಟಿತು, ಹೆಣ್ಣು. ಕೂಟದ ಹೆಂಗಸರು ಪೊರಕೆ ಹಿಡಿದು ತಿಪ್ಪೆಯಿಂದ ಎತ್ತಿ ತಂದರು. ಎಂಟನೆಯ ದಿನ ಹೆಸರು ಏನಿಡುವುದೆಂದು ನನ್ನ ಕಡೆ ನೋಡಿದರು. ಒಬ್ಬಳು ‘ಬೂದಿ’ ಅಂದಳು, ಇನ್ನೊಬ್ಬಳು ‘ಹರಕು ಚಾಪೆ’ ಅಂದಳು. ಬೂದಿ ಎನ್ನುವವರು ಆಗಲೇ ಮೂವರಿದ್ದಾರೆ.

ನಾನಂದೆ: "ಕಮಿಟಿ ಅಂತ ಇಡಿ."

"ಅದೇನತ್ತೆ? ಏನ್ ಮಾಡ್ತದೆ ಅದು?"

"ಏನೂ ಮಾಡಲ್ಲ. ಅದರ ತಾವ ಬಂದ ಸಾವಿಗೂ ‘ಮುಂದಿನ ಸಭೆಗೆ ಬಾ’ ಅಂತ ಹೇಳಿ ಕಳ್ಸ್ತದೆ."

ಹೆಂಗಸರು ನೀರಿನ ಡಬ್ಬ ಬಡಿದು ಬಡಿದು ನಕ್ಕರು. ಸಾಫಿಯೂ ನಕ್ಕಳು, ಮೂರು ವರ್ಷದಲ್ಲಿ ಮೊದಲ ಸಲ. ಇಮಾಮರು ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಬಗ್ಗಿ ಮಗುವಿನ ಬಲಗಿವಿಯಲ್ಲಿ ಪ್ರಾರ್ಥನೆಯ ಕರೆ ಹೇಳಿ, ಹೆಸರನ್ನು ಮೂರು ಸಲ ಸ್ಪಷ್ಟವಾಗಿ ಉಸುರಿದರು. ಬೇರೆ ಯಾವ ಹೆಸರನ್ನೂ ಸೇರಿಸಲಿಲ್ಲ. ಹತ್ತಿರವೇ ಇದ್ದೆ, ಕಿವಿಯಿಟ್ಟು ಕೇಳಿಸಿಕೊಂಡೆ. ಇವಳು ದೊಡ್ಡವಳಾದ ಮೇಲೆ ಕೇಳಿದರೆ ಹೇಳಲು ಒಬ್ಬರಾದರೂ ಬೇಕು. ನಾನಿಲ್ಲದಿದ್ದರೆ ನೀನು ಹೇಳು. ಅದಕ್ಕೇ ತಾರೀಖು ಹಾಕಿ ಬರೆದಿದ್ದೇನೆ.

ಇವತ್ತಿಗೆ ಹನ್ನೊಂದು ದಿನ. ಕಮಿಟಿ ಚೆನ್ನಾಗಿ ಹಾಲು ಕುಡಿಯುತ್ತಿದ್ದಾಳೆ.

ಸುಂತುಕುಂಗ್ ಕುಜಾಬಿ